ಹೆದರಿಕೆ ಇದ್ದವರಿಗೆ ನಂಬಿಕೆ ಇಲ್ಲ ಅಂತ ಯಾರು ಹೇಳಿದ್ದು?

ಪ್ರೀತಿಯ ಪುಟ್ಟನಿಗೆ,

ಕರ್ತನ ನಾಮದಲ್ಲಿ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಬಂದಾಗಿನಿಂದ ಒಂದೇ ಸಾಲು ತಲೆಯಲ್ಲಿ ತಿರುಗುತ್ತಿದೆ. ಕಂಪನಿಯಲ್ಲಿ ಜನರನ್ನು ತೆಗೆಯುತ್ತಿರುವುದು, ಮನೆ ಸಾಲದ ಕಂತು, ಮದುವೆ ಮಾತು ಮುಂದಕ್ಕೆ ಹೋಗಿದ್ದು, ಇದೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ. ಅದನ್ನು ಮತ್ತೆ ಎತ್ತುವುದಿಲ್ಲ. ಆದರೆ ಪತ್ರದ ಕೊನೆಯಲ್ಲಿ, ಮುಗಿಸಿದ ಮೇಲೆ ನೆನಪಾಗಿ ಸೇರಿಸಿದಂತೆ, ನೀನು ಹೀಗೆ ಬರೆದಿದ್ದೀಯ: "ದೊಡ್ಡಮ್ಮ, ರಾತ್ರಿ ಎಷ್ಟು ಪ್ರಾರ್ಥನೆ ಮಾಡಿದರೂ ಎದೆ ಹೊಡ್ಕೊಳ್ಳೋದು ನಿಲ್ಲಲ್ಲ. ಅಜ್ಜಿಗೆ ಇದ್ದ ಸಮಾಧಾನ ನನಗೆ ಬರ್ತಾನೇ ಇಲ್ಲ. ನನ್ನ ನಂಬಿಕೆಯೇ ಸುಳ್ಳಿರಬೇಕು."

ಓದಿ ಕರುಳು ಚುರ್ ಅಂದಿತು. ಕೆಲಸ ಹೋದರೆ ಇನ್ನೊಂದು ಕೆಲಸ ಸಿಗುತ್ತದೆ, ಸಿಗದಿದ್ದರೆ ಶಿವಮೊಗ್ಗದಲ್ಲಿ ಮನೆ ಇದೆ, ಅನ್ನ ಇದೆ. ಆದರೆ ರಾತ್ರಿ ಎರಡು ಗಂಟೆಗೆ ಒಬ್ಬನೇ ಎದ್ದು ಕೂತು, ದೇವರೂ ನನ್ನನ್ನು ಬಿಟ್ಟ ಅಂದುಕೊಳ್ಳುವುದಿದೆಯಲ್ಲ, ಅದನ್ನು ನೆನೆಸಿಕೊಂಡರೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಫೋನಿನಲ್ಲಿ ಹೇಳೋಣ ಅಂದರೆ ನನಗೆ ಮಾತು ಸರಿಯಾಗಿ ಬರುವುದಿಲ್ಲ, ಅಳು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅಜ್ಜಿಯ ವಿಷಯ.

ನೀನು ನೋಡಿದ ಅಜ್ಜಿ, ಬೆಳಿಗ್ಗೆ ಎದ್ದು ಕಿಟಕಿ ಹತ್ತಿರ ಕೂತು ಸತ್ಯವೇದ ಓದುತ್ತಿದ್ದ ಅಜ್ಜಿ. ಯಾರು ಏನೇ ಕಷ್ಟ ಹೇಳಿಕೊಂಡು ಬಂದರೂ "ಕರ್ತ ಇದ್ದಾನೆ" ಅಂತ ಕೈ ಹಿಡಿಯುತ್ತಿದ್ದವಳು. ಅವಳು ತೀರಿಕೊಂಡಾಗ ದೇವಾಲಯದಲ್ಲಿ ನಾನೇ ಎದ್ದು ನಿಂತು ಮಾತಾಡಿದೆ. "ನಮ್ಮ ತಾಯಿಗೆ ಹೆದರಿಕೆ ಅನ್ನೋದೇ ಗೊತ್ತಿರಲಿಲ್ಲ" ಅಂದೆ. ನೀನು ಮುಂದಿನ ಬೆಂಚಿನಲ್ಲಿ ಕೂತಿದ್ದೆ. ಎಲ್ಲರೂ ತಲೆಯಾಡಿಸಿದರು. ಆ ಮಾತು ನಿಜವಲ್ಲ ಪುಟ್ಟ. ಸತ್ತವರ ಬಗ್ಗೆ ಒಳ್ಳೆಯದು ಹೇಳಬೇಕು ಅಂತ ಹೇಳಿದ ಮಾತು ಇಷ್ಟು ವರ್ಷದ ಮೇಲೆ ನಿನ್ನ ಎದೆ ಮೇಲೆ ಕಲ್ಲಾಗಿ ಕೂತಿದೆ ಅಂತ ನಿನ್ನ ಪತ್ರ ನೋಡುವವರೆಗೆ ನನಗೆ ಗೊತ್ತಿರಲಿಲ್ಲ.

ಅವ್ವನಷ್ಟು ಹೆದರುತ್ತಿದ್ದ ಇನ್ನೊಬ್ಬರನ್ನು ನಾನು ನೋಡಿಲ್ಲ.

ಸಾಗರದ ಕಡೆ ನಮ್ಮ ಹಳೇ ಮನೆ ಇದ್ದದ್ದು ಕಾಡಿನ ಅಂಚಿಗೆ. ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಈ ಮಂಗನ ಕಾಯಿಲೆ ಅನ್ನುವುದೊಂದು ಇದೆ ಅಂತ ಗೊತ್ತಾಗಿದ್ದು 1957ರಲ್ಲಿ. ನಾವು ಮಕ್ಕಳಾಗಿದ್ದಾಗ ಚಳಿಗಾಲ ಕಳೆದು ಬಿಸಿಲು ಬಲಿತರೆ ಸಾಕು, ಎಲ್ಲರ ಬಾಯಲ್ಲೂ ಅದೇ ಮಾತು. ಹಾಗೆ ಒಂದು ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಏನಾಯಿತು ಅಂತ ನಿನಗೆ ಗೊತ್ತು, ಫೋಟೋದಲ್ಲಿ ಮಾತ್ರ ನೋಡಿರುವ ಮಾವನ ವಿಷಯ, ಅದನ್ನು ಬರೆಯುವುದಿಲ್ಲ. ಬರೆಯಬೇಕಾದದ್ದು ಅದರ ನಂತರದ್ದು. ಅದನ್ನು ಯಾರೂ ನಿಮಗೆ ಹೇಳಿಲ್ಲ.

ಅದಾದ ಮೇಲೆ ಅವ್ವ ತರಗೆಲೆ ತರಲು ನಮ್ಮನ್ನು ಕಾಡಿಗೆ ಬಿಡಲಿಲ್ಲ. ಸಂಜೆ ಸ್ನಾನಕ್ಕೆ ಮುಂಚೆ ಬಚ್ಚಲೊಲೆಯ ಬೆಂಕಿ ಬೆಳಕಿಗೆ ನಿಲ್ಲಿಸಿ ಕಿವಿ ಹಿಂದೆ, ಕಂಕುಳು, ಮಂಡಿ ಸಂದು ಎಲ್ಲ ಹುಡುಕುತ್ತಿದ್ದಳು, ಉಣುಗು ಕಚ್ಚಿದೆಯಾ ಅಂತ. ಅದು ಸರಿಯೇ, ಉಣುಗಿನಿಂದಲೇ ಆ ಕಾಯಿಲೆ ಬರುವುದು. ಆದರೆ ಮಳೆಗಾಲ ಬಂದ ಮೇಲೂ ಅವಳ ಹುಡುಕಾಟ ನಿಲ್ಲಲಿಲ್ಲ. ರಾತ್ರಿ ಪುನರ್ವಸು ಮಳೆ ಹೆಂಚಿನ ಮೇಲೆ ಹೊಯ್ಯುತ್ತಿರುತ್ತಿತ್ತು. ನಾನು ಕಂಬಳಿಯೊಳಗಿಂದ ನೋಡುತ್ತಿದ್ದೆ. ಅವ್ವ ಬುಡ್ಡಿದೀಪ ಹಿಡಿದು ಎದ್ದು ಹೋಗಿ ಮುಂಬಾಗಿಲ ಚಿಲಕ ಮುಟ್ಟಿ ನೋಡುತ್ತಿದ್ದಳು. ಹಿಂಬಾಗಿಲಿಗೆ ಹೋಗಿ ಅದನ್ನೂ ಮುಟ್ಟುತ್ತಿದ್ದಳು. ಬಂದು ನಮ್ಮ ಹಣೆ ಮುಟ್ಟುತ್ತಿದ್ದಳು, ಹಿಂಗೈಯಲ್ಲಿ, ಬಿಸಿ ಇದೆಯಾ ಅಂತ. ಮಲಗುತ್ತಿದ್ದಳು. ಇನ್ನೇನು ನಿದ್ದೆ ಹತ್ತಿತು ಅನ್ನುವಷ್ಟರಲ್ಲಿ ಮತ್ತೆ ಬಳೆ ಸದ್ದು, ಮತ್ತೆ ಚಿಲಕ, ಮತ್ತೆ ಹಣೆ. ಒಂದಲ್ಲ ಎರಡಲ್ಲ, ವರ್ಷಗಟ್ಟಲೆ. ನಾನು ದೊಡ್ಡವಳಾದ ಮೇಲೆ "ಎಷ್ಟು ಸಲ ನೋಡ್ತೀಯ ಅವ್ವ, ಸುಮ್ನೆ ಮಲಗು" ಅಂತ ರೇಗುತ್ತಿದ್ದೆ. ಅವಳು ಏನೂ ಅನ್ನುತ್ತಿರಲಿಲ್ಲ. ದೀಪ ಸಣ್ಣ ಮಾಡಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಎದ್ದು ಹೋಗಿ ಒಂದು ರಾತ್ರಿಯಾದರೂ ಅವಳ ಪಕ್ಕ ಕೂರಬಹುದಿತ್ತು. ಈಗ ಅನ್ನಿಸಿ ಏನು ಬಂತು.

ಇವಳೇ ಪುಟ್ಟ, ನೀನು "ಅಜ್ಜಿಗೆ ಇದ್ದ ಸಮಾಧಾನ" ಅಂತ ಬರೆದ ಅಜ್ಜಿ. ನಿನ್ನ ಎದೆ ಹೊಡೆದುಕೊಳ್ಳುವುದನ್ನು ನೋಡಿ ನನ್ನ ನಂಬಿಕೆ ಸುಳ್ಳು ಅಂತ ನೀನು ತೀರ್ಮಾನ ಮಾಡಿದರೆ ಅವಳ ನಂಬಿಕೆಯೂ ಸುಳ್ಳು ಅನ್ನಬೇಕಾಗುತ್ತದೆ. ಅನ್ನುತ್ತೀಯಾ?

ಅವಳ ಸತ್ಯವೇದ ಈಗ ನನ್ನ ಹತ್ತಿರ ಇದೆ. ಅದರಲ್ಲಿ 23ನೇ ಕೀರ್ತನೆಯ ಪುಟ ಚೆನ್ನಾಗಿಯೇ ಇದೆ, ಅದು ಅವಳಿಗೆ ಬಾಯಿಪಾಠ. ಸವೆದಿರುವುದು 56ನೇ ಕೀರ್ತನೆಯ ಪುಟ. ಅಂಚಿಗೆ ಮಸಿ ಹಿಡಿದಿದೆ, ಒಂದು ಕಡೆ ಸೀಮೆಎಣ್ಣೆ ಬಿದ್ದು ಕಾಗದ ಗಾಜಿನ ಹಾಗೆ ಆಗಿ ಹಿಂದಿನ ಪುಟದ ಅಕ್ಷರ ಕಾಣುತ್ತದೆ. ಹೆದರಿಕೆ ಆದಾಗ ನಿನ್ನನ್ನೇ ನಂಬಿಕೊಳ್ಳುತ್ತೇನೆ ಅಂತ ದಾವೀದ ಹೇಳುವುದು ಅಲ್ಲಿ. ಹೆದರಿಕೆ ಹೋದ ಮೇಲೆ ನಂಬುತ್ತೇನೆ ಅಂತ ಹೇಳುವುದಿಲ್ಲ. ಮುಂದೆ ಇನ್ನೊಂದು ಮಾತಿದೆ, ನನ್ನ ಕಣ್ಣೀರನ್ನು ನಿನ್ನ ಬುದ್ದಲಿಯಲ್ಲಿ ತುಂಬಿಟ್ಟಿದ್ದೀಯ ಅಂತ. ಬುದ್ದಲಿ ಅಂದರೆ ಚರ್ಮದ ಚೀಲ. ಅವ್ವ ಅದರ ಕೆಳಗೆ ಉಗುರಲ್ಲಿ ಗೀರಿದ್ದಾಳೆ. ಪೆನ್ಸಿಲ್ ಇರಲಿಲ್ಲವೋ ಏನೋ.

ಆ ಕೀರ್ತನೆಯ ಮೇಲೆ, ಫಿಲಿಷ್ಟಿಯರು ಗತ್ ಊರಿನಲ್ಲಿ ದಾವೀದನನ್ನು ಹಿಡಿದಾಗ ಅಂತ ಬರೆದಿದೆ. ಗತ್ ಅಂದರೆ ಯಾರ ಊರು ಗೊತ್ತಲ್ವಾ? ಗೊಲ್ಯಾತನ ಊರು. ಸಂಡೇ ಸ್ಕೂಲಿನಲ್ಲಿ ನೀನು ಕವಣೆ ಹಿಡಿದು ದಾವೀದನ ಪಾತ್ರ ಮಾಡಿದ್ದೆಯಲ್ಲ, ಆ ಗೊಲ್ಯಾತ. ಅವನನ್ನು ಕೊಂದ ಹುಡುಗನೇ ಆಮೇಲೆ ತನ್ನ ಅರಸ ಸೌಲನಿಗೆ ಹೆದರಿ ಓಡುತ್ತಾ, ಗೊಲ್ಯಾತನ ಕತ್ತಿಯನ್ನೇ ನೋಬಿನ ಯಾಜಕನ ಹತ್ತಿರ ಇಸಿದುಕೊಂಡು, ಗತ್ ಊರಿಗೇ ಹೋಗಿ ಸಿಕ್ಕಿಬೀಳುತ್ತಾನೆ. ಗತ್ ಊರಿನ ಅರಸನಿಗೆ ಎಷ್ಟು ಹೆದರುತ್ತಾನೆ ಅಂದರೆ, ಹುಚ್ಚು ಹಿಡಿದವನ ಹಾಗೆ ನಟಿಸಿ ಬಾಗಿಲ ಕದ ಕೆರೆಯುತ್ತಾನೆ, ಗಡ್ಡದ ಮೇಲೆ ಜೊಲ್ಲು ಸುರಿಸಿಕೊಳ್ಳುತ್ತಾನೆ. ಒಂದನೇ ಸಮುವೇಲ 21ನೇ ಅಧ್ಯಾಯ, ಓದು. ಸಂಡೇ ಸ್ಕೂಲಿನಲ್ಲಿ ನಾವು ಕವಣೆ ಕಲ್ಲಿನ ಕಥೆ ಹೇಳಿ ಬಿಟ್ಟುಬಿಡುತ್ತೇವೆ, ಜೊಲ್ಲಿನ ಕಥೆ ಹೇಳುವುದಿಲ್ಲ. ಹೇಳಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಮಕ್ಕಳು ದೊಡ್ಡವರಾದ ಮೇಲೆ ಅವರಿಗೆ ಬೇಕಾಗುವುದು ಅದೇ.

ನಿನ್ನ ಪ್ರಾರ್ಥನೆ ಗುಂಪಿನಲ್ಲಿ ಯಾರೋ "ಚಿಂತೆ ಪಾಪ, ನಿಜವಾದ ವಿಶ್ವಾಸಿಗೆ ಆತಂಕ ಬರಲ್ಲ" ಅಂದರಂತೆ. ಅವರು ಪ್ರೀತಿಯಿಂದಲೇ ಹೇಳಿರಬಹುದು. ಆದರೆ ಆ ಮಾತನ್ನು ನಾನು ಒಪ್ಪುವುದಿಲ್ಲ, ಖಂಡಿತ ಒಪ್ಪುವುದಿಲ್ಲ. ಅವರು ನಿನಗೆ ತೋರಿಸಿದ ವಾಕ್ಯ ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯದ್ದು, ಯಾವ ವಿಷಯಕ್ಕೂ ಚಿಂತೆ ಮಾಡದೆ ಪ್ರಾರ್ಥನೆ ಮಾಡಿ ಅನ್ನುವುದು. ಪೌಲ ಅದನ್ನು ಸೆರೆಯಲ್ಲಿ ಕೂತು ಬರೆದ, ಅದು ಎಲ್ಲರಿಗೂ ಗೊತ್ತು. ಆದರೆ ಅದೇ ಪತ್ರದ 2ನೇ ಅಧ್ಯಾಯ ನೋಡು. ಎಪಫ್ರೊದೀತ ಅಂತ ಒಬ್ಬ, ಫಿಲಿಪ್ಪಿಯ ಸಭೆಯವರು ಕೊಟ್ಟದ್ದನ್ನು ಪೌಲನಿಗೆ ತಲುಪಿಸಲು ಬಂದವನು, ಕಾಯಿಲೆ ಬಿದ್ದು ಸಾಯುವ ಹಾಗಾಗಿದ್ದ. ಅವನು ಹುಷಾರಾದ, ಇಲ್ಲದಿದ್ದರೆ ನನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಅಂತ ಪೌಲ ಬರೆಯುತ್ತಾನೆ. ಅವನನ್ನು ನಿಮ್ಮ ಹತ್ತಿರ ಬೇಗ ಕಳಿಸುತ್ತೇನೆ, ನೀವು ಅವನನ್ನು ನೋಡಿ ಸಂತೋಷಪಟ್ಟರೆ ನನ್ನ ಚಿಂತೆಯೂ ಕಡಿಮೆಯಾಗುತ್ತದೆ ಅಂತಾನೆ. ಚಿಂತೆ ಕಡಿಮೆಯಾಗುತ್ತದೆ! ಚಿಂತೆ ಮಾಡಬೇಡಿ ಅಂದವನೇ ಹೀಗೆ ಬರೆದಿದ್ದಾನೆ. ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲೂ, ಏಟು ತಿಂದದ್ದು, ಹಡಗು ಒಡೆದದ್ದು ಎಲ್ಲ ಹೇಳಿ, ಇದರ ಜೊತೆಗೆ ಎಲ್ಲಾ ಸಭೆಗಳ ಚಿಂತೆ ದಿನಾ ನನ್ನ ಮೇಲಿದೆ ಅಂತಾನೆ. ಪೌಲನ ನಂಬಿಕೆ ಸುಳ್ಳಾ?

ಆ 4ನೇ ಅಧ್ಯಾಯದಲ್ಲೇ ಮುಂದೆ, ದೇವರ ಸಮಾಧಾನ ನಿಮ್ಮ ಹೃದಯಗಳನ್ನು ಕಾಯುತ್ತದೆ ಅಂತ ಇದೆ. ಕಾಯುವವರು ಬೇಕಾಗುವುದು ಹೊರಗೆ ಏನೋ ಬಂದು ನಿಂತಿರುವಾಗ ಅಲ್ವಾ. ಏನೂ ಇಲ್ಲದ ಕಡೆ ಕಾವಲು ಯಾಕೆ?

ನಾನು ಪಾಸ್ಟರ್ ಅಲ್ಲ, ಜಾಸ್ತಿ ಓದಿದವಳಲ್ಲ. ತಪ್ಪು ಹೇಳುತ್ತಿದ್ದರೆ ನಮ್ಮ ಅಯ್ಯನವರನ್ನು ಕೇಳು. ಆದರೆ ಈ ಒಂದನ್ನು ಮಾತ್ರ ಹೇಳದೆ ಬಿಡಲಾರೆ. ಯೇಸು ಸತ್ತು ಮತ್ತೆ ಎದ್ದು ಬಂದ ಆ ಭಾನುವಾರ ಸಂಜೆ ಶಿಷ್ಯರು ಏನು ಮಾಡುತ್ತಿದ್ದರು? ಹೆದರಿ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು. ಯೋಹಾನ 20. ಯೇಸು ಆ ಮುಚ್ಚಿದ ಬಾಗಿಲಿನ ಒಳಗೇ ಬಂದು ನಡುವೆ ನಿಂತು "ನಿಮಗೆ ಸಮಾಧಾನವಾಗಲಿ" ಅಂದ. ಅಂದು ಕೈಯನ್ನೂ ಪಕ್ಕೆಯನ್ನೂ ತೋರಿಸಿದ. ಗಾಯ ಹಾಗೇ ಇತ್ತು. ಅವರಿಗೆ ಸಂತೋಷವಾಯಿತು ಅಂತ ಬರೆದಿದೆ. ಸರಿ. ಎಂಟು ದಿನ ಆಯಿತು. ಎದ್ದು ಬಂದವನನ್ನು ಕಣ್ಣಾರೆ ನೋಡಿದ್ದಾರೆ, ಸಮಾಧಾನದ ಮಾತು ಕಿವಿಯಾರೆ ಕೇಳಿದ್ದಾರೆ. ಎಂಟು ದಿನದ ಮೇಲೆ ಮತ್ತೆ ಅದೇ ಜನ ಒಳಗಿದ್ದಾರೆ, ಮತ್ತೆ ಬಾಗಿಲು ಮುಚ್ಚಿದೆ. ಸುಮ್ನೆ ಓದಿಕೊಂಡು ಹೋದರೆ ಇದು ಕಣ್ಣಿಗೆ ಬೀಳುವುದಿಲ್ಲ. ಯೇಸು ಮತ್ತೆ ಬಂದ. ಮತ್ತೆ ಅದೇ ಮಾತು ಹೇಳಿದ. ಇನ್ನೂ ಬಾಗಿಲು ಹಾಕಿಕೊಂಡಿದ್ದೀರಾ ಅಂತ ಬೈಯಲಿಲ್ಲ. ನಂಬದೆ ಇದ್ದ ತೋಮನಿಗೆ ಮಾತು ಹೇಳಿದ, ಆದರೆ ಬಾಗಿಲ ಬಗ್ಗೆ ಒಂದು ಮಾತೂ ಇಲ್ಲ.

ಇದನ್ನು ಓದುವಾಗ ನನಗೆ ಅವ್ವನೇ ಕಣ್ಣ ಮುಂದೆ ಬರುತ್ತಾಳೆ, ದೀಪ ಹಿಡಿದು ಚಿಲಕ ಮುಟ್ಟುವವಳು. ಈಗ ನೀನೂ ಬರುತ್ತೀಯ.

2019ರ ಆಗಸ್ಟ್‌ನಲ್ಲಿ ತುಂಗೆ ಊರೊಳಗೆ ನುಗ್ಗಿದಾಗ ಅವ್ವ ನನ್ನ ಜೊತೆ ಇಲ್ಲೇ ಇದ್ದಳು. ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತು ಅಂತ ಸುದ್ದಿ ಬಂದರೆ ಊರವರು ಹೊಳೆ ನೋಡಲು ಹೋಗುತ್ತಾರಲ್ಲ, ಆ ಸಲ ಯಾರಿಗೂ ನೋಡುವ ಉಮೇದು ಇರಲಿಲ್ಲ. ತಗ್ಗಿನ ಬಡಾವಣೆಗಳವರು ಪಾತ್ರೆ ಪಗಡೆ ಹೊತ್ತುಕೊಂಡು ಬರುತ್ತಿದ್ದರು. ಕರೆಂಟ್ ಇಲ್ಲ. ಅವ್ವ ಮಲಗಿರಲಿಲ್ಲ. ಅವತ್ತು ನಾನು ರೇಗಲಿಲ್ಲ, ಪಕ್ಕ ಕೂತೆ. "ಅವ್ವ, ಆ ಹೆದರಿಕೆ ಯಾವತ್ತಾದರೂ ಹೋಯ್ತಾ?" ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು "ಎಲ್ಲಿ ಹೋಗ್ತದೆ ಕಣೆ" ಅಂದಳು. "ಮೊದಮೊದಲು ಅದು ಬಂದಾಗ ನಾನೊಬ್ಬಳೇ ಇರ್ತಿದ್ದೆ. ಆಮೇಲಾಮೇಲೆ ಆತನೂ ಇದ್ದಾನೆ ಅಂತ ಗೊತ್ತಾಯ್ತು. ಅಷ್ಟೇ." ಅಂದು ನನ್ನ ಹಣೆ ಮುಟ್ಟಿ ನೋಡಿದಳು. ನನಗಾಗಲೇ ಮೊಮ್ಮಕ್ಕಳಾಗುವ ವಯಸ್ಸು.

ಅಷ್ಟು ಹೊತ್ತಿಗೆ ನಾನು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡಿ ಮೂವತ್ತು ವರ್ಷ ದಾಟಿತ್ತು. ರಾತ್ರಿ ಪಾಳಿಯಲ್ಲಿ ಎಷ್ಟು ಜನರ ಕೈ ಹಿಡಿದು ಕೂತಿದ್ದೇನೆ. ಆದರೂ ಅವ್ವನಿಗೆ ಇರುವುದು ಒಂದು ಕಾಯಿಲೆಯೂ ಇರಬಹುದು, ಅದಕ್ಕೆ ಔಷಧಿ ಇದೆ ಅಂತ ಅವಳನ್ನು ಒಮ್ಮೆಯೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ. ಆಗ ನಮ್ಮಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಒಂದೇ, ಇನ್ನೂ ಪ್ರಾರ್ಥನೆ ಮಾಡು. ಅವಳು ಮಾಡುತ್ತಲೇ ಇದ್ದಳಲ್ಲ. ಮಗ ಹೋದ ದುಃಖ ಒಂದು ಕಡೆ, ನನಗೆ ನಂಬಿಕೆ ಸಾಲದು ಅನ್ನುವ ದುಃಖ ಇನ್ನೊಂದು ಕಡೆ. ಆ ಎರಡನೆಯದನ್ನು ಅವಳ ಮೇಲೆ ಹೊರಿಸಿದ್ದು ನಾವು, ದೇವರಲ್ಲ. ಅದೇ ಹೊರೆಯನ್ನು ನೀನು ಹೊರುವುದನ್ನು ನಾನು ನೋಡಲಾರೆ.

ಅದಕ್ಕೆ ಒಂದೆರಡು ಮಾತು. ನಿನಗೆ ಗೊತ್ತಿರುವುದೇ ಇರಬಹುದು, ಬೇಜಾರು ಮಾಡಿಕೊಳ್ಳಬೇಡ.

ಡಾಕ್ಟರಿಗೆ ತೋರಿಸು. ರಾತ್ರಿ ಎದೆ ಹೊಡೆದುಕೊಳ್ಳುವುದಕ್ಕೆ ಥೈರಾಯ್ಡ್ ಜಾಸ್ತಿ ಆಗಿರುವುದೂ ಕಾರಣ ಆಗಬಹುದು, ರಕ್ತ ಕಡಿಮೆ ಇರುವುದೂ ಆಗಬಹುದು. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಸಂಜೆ ಮೇಲೆ ಕಾಫಿ ಬಿಡು, ಕಾಫಿ ಸೀಮೆಯವರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಬಿಡು. ಅದರಲ್ಲೆಲ್ಲ ಏನೂ ಇಲ್ಲ ಅಂದರೆ ಮನಸ್ಸಿನ ಡಾಕ್ಟರನ್ನು ನೋಡು. ನೀನಿರುವ ಬೆಂಗಳೂರಲ್ಲೇ ನಿಮ್ಹಾನ್ಸ್ ಇದೆ. ಮಧ್ಯರಾತ್ರಿ ತಡೆಯಲಾಗದೆ ಇದ್ದರೆ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಾತ್ರೆ ಕೊಟ್ಟರೆ ತಗೋ. ಮಾತ್ರೆ ತಗೊಂಡರೆ ದೇವರನ್ನು ನಂಬಿದಂತಲ್ಲ ಅಂತ ಯಾರಾದರೂ ಹೇಳಿದರೆ ನನ್ನ ನಂಬರ್ ಕೊಡು.

ಪ್ರವಾದಿ ಎಲೀಯನನ್ನು ನೆನೆಸಿಕೋ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಕೆಲಸ ಮಾಡಿದವನು ರಾಣಿ ಈಜೆಬೆಲಳ ಒಂದು ಮಾತಿಗೆ ಹೆದರಿ ಓಡಿಹೋಗಿ, ಅಡವಿಯಲ್ಲಿ ಗಿಡದ ಕೆಳಗೆ ಕೂತು ನನ್ನ ಪ್ರಾಣ ತೆಗೆದುಬಿಡು ಅಂತ ಬೇಡಿಕೊಂಡ. ದೇವರು ಅವನಿಗೆ ಮೊದಲು ಬುದ್ಧಿ ಹೇಳಲಿಲ್ಲ. ರೊಟ್ಟಿ ಕಳಿಸಿದ, ನೀರು ಕಳಿಸಿದ, ಮತ್ತೆ ಮಲಗಲು ಬಿಟ್ಟ. ಎದ್ದ ಮೇಲೆ ಮತ್ತೆ ಊಟ. ಮಾತೆಲ್ಲ ಆಮೇಲೆ. ನೀನು ರಾತ್ರಿ ಊಟಕ್ಕೆ ಬಿಸ್ಕತ್ತು ತಿಂದು ಮಲಗುತ್ತೀಯ ಅಂತ ನಿಮ್ಮಮ್ಮ ಹೇಳಿದಳು.

ಕೈಗೆ ಕಟ್ಟಿಕೊಂಡಿರುವ ಆ ವಾಚು ರಾತ್ರಿ ಬಿಚ್ಚಿಡು ಪುಟ್ಟ. ಪ್ರಾರ್ಥನೆ ಮಾಡಿ ಎದೆಬಡಿತ ಇಳಿಯಿತಾ ಅಂತ ಅದರಲ್ಲಿ ನೋಡುತ್ತೀಯಲ್ಲ, ಹಾಗೆ ನೋಡಿದರೆ ಅದು ಇಳಿಯುವುದಿಲ್ಲ, ನರ್ಸಾಗಿ ಹೇಳುತ್ತಿದ್ದೇನೆ. ಪ್ರಾರ್ಥನೆ ಮಾಡುವುದು ಬಡಿತ ಇಳಿಸುವುದಕ್ಕಲ್ಲ. ಹೊಡೆದುಕೊಳ್ಳಲಿ ಬಿಡು. ಹೊಡೆದುಕೊಳ್ಳುತ್ತಿರುವಾಗಲೇ "ಕರ್ತನೇ, ಹೆದರಿಕೆ ಆಗ್ತಿದೆ, ಇಲ್ಲೇ ಇರು" ಅನ್ನು. ಅಷ್ಟು ಸಾಕು, ಉದ್ದ ಬೇಡ. ಅದೂ ಬರದಿದ್ದರೆ 56ನೇ ಕೀರ್ತನೆ ಓದು, ನಿನ್ನ ಪರವಾಗಿ ದಾವೀದ ಮಾಡಿಟ್ಟಿದ್ದಾನೆ. ಅದೂ ಆಗದಿದ್ದರೆ ಸುಮ್ಮನಿರು, ಇಲ್ಲಿ ನಾನು ಎದ್ದಿರುತ್ತೇನೆ, ನಾನು ಮಾಡುತ್ತೇನೆ. ಎಐ ಬಂದು ಎಲ್ಲರ ಕೆಲಸ ಹೋಗುತ್ತದೆ ಅನ್ನುವ ವಿಡಿಯೋಗಳನ್ನು ಮಲಗುವ ಮುಂಚೆ ನೋಡಬೇಡ ಅಂತ ಹೇಳೋಣ ಅಂತಿದ್ದೆ, ಆದರೆ ನಾನೇ ಇಲ್ಲಿ ರಾತ್ರಿ ಕೂತು ಅಡಿಕೆ ಎಲೆಚುಕ್ಕಿ ರೋಗದ ಸುದ್ದಿ ನೋಡುತ್ತಿರುತ್ತೇನೆ. ಇಬ್ಬರೂ ಬಿಡೋಣ.

ಭಾನುವಾರ ಆರಾಧನೆ ತಪ್ಪಿಸಬೇಡ. ಮನಸ್ಸು ಒಣಗಿದ್ದರೂ ಹೋಗು, ಹಿಂದಿನ ಬೆಂಚಿನಲ್ಲಿ ಕೂತರೂ ಸರಿ. ಕರ್ತನ ಭೋಜನಕ್ಕೆ ಯೋಗ್ಯ ಅಲ್ಲ ಅಂತ ಹಿಂದೆ ಸರಿಯುತ್ತಿದ್ದೀಯಂತೆ. ಹೆದರಿಕೆಗೋಸ್ಕರ ಹಿಂದೆ ಸರಿಯಬೇಡ ಕಣೋ. ಆತ ಆ ರೊಟ್ಟಿ ಮುರಿದುಕೊಟ್ಟದ್ದು ಅದೇ ರಾತ್ರಿ ತನ್ನನ್ನು ಬಿಟ್ಟು ಓಡಿಹೋಗುವವರಿಗೆ. ಓಡಿಹೋಗುತ್ತಾರೆ ಅಂತ ಗೊತ್ತಿದ್ದೇ ಕೊಟ್ಟ, ಗೆತ್ಸೇಮನೆಗೆ ಹೋಗುವ ಮೊದಲು. ಅಲ್ಲಿ ತೋಟದಲ್ಲಿ ಆತನೂ ಎಷ್ಟು ಕಳವಳಪಟ್ಟ, ಬೆವರು ರಕ್ತದ ಹನಿಗಳಂತೆ ಬಿತ್ತು ಅಂತ ಲೂಕ ಬರೆದಿದ್ದಾನಲ್ಲ. ನನ್ನ ಸಮಾಧಾನವನ್ನು ನಿಮಗೆ ಕೊಡುತ್ತೇನೆ ಅಂತ ಆತ ಹೇಳಿದ್ದೂ ಅದೇ ರಾತ್ರಿ. ಹಾಗಿದ್ದರೆ ಆ ಸಮಾಧಾನ ಎಂಥದ್ದು ಅಂತ ನಾನು ಇನ್ನೂ ಯೋಚಿಸುತ್ತಲೇ ಇದ್ದೇನೆ. ಎದೆ ಹೊಡೆದುಕೊಳ್ಳದೆ ಇರುವುದಂತೂ ಅದಲ್ಲ.

ಈ ತಿಂಗಳಲ್ಲೇ ಒಂದು ಶುಕ್ರವಾರ ಸಂಜೆ ಜನಶತಾಬ್ದಿ ಹತ್ತಿ ಬಂದುಬಿಡು. ರಾತ್ರಿ ಸ್ಟೇಷನ್‌ಗೆ ನಿಮ್ಮ ದೊಡ್ಡಪ್ಪ ಬರುತ್ತಾರೆ, ಊಟ ಬಿಸಿ ಇಟ್ಟಿರುತ್ತೇನೆ. ಅಜ್ಜಿಯ ಸತ್ಯವೇದ ನಿನಗೇ ಕೊಡಬೇಕು ಅಂತ ನಿಮ್ಮಮ್ಮನೂ ನಾನೂ ಮಾತಾಡಿಕೊಂಡಿದ್ದೇವೆ, ಪೋಸ್ಟಿನಲ್ಲಿ ಕಳಿಸಲು ಮನಸ್ಸಿಲ್ಲ. ರಕ್ತ ಪರೀಕ್ಷೆ ಮಾತ್ರ ಬರುವ ಮುಂಚೆಯೇ ಮಾಡಿಸು, ರಿಪೋರ್ಟ್ ಬಂದ ಕೂಡಲೇ ಫೋಟೋ ತೆಗೆದು ನನಗೆ ಕಳಿಸು. ಎರಡು ಗಂಟೆ ರಾತ್ರಿಯಾದರೂ ಫೋನ್ ಮಾಡು, ದೊಡ್ಡಮ್ಮನ ನಿದ್ದೆ ಹಾಳಾಗುತ್ತದೆ ಅಂತ ನೋಡಬೇಡ.

ನಿನ್ನ ದೊಡ್ಡಮ್ಮ